ಕಸ ಸುಟ್ಟ ಬೂದಿ, ಭಾರಲೋಹ, ಬ್ಯಾಕ್ಟೀರಿಯಾ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲೇಜಿನಲ್ಲಿ ಸೂಕ್ಷ್ಮಜೀವಿ ವಿಜ್ಞಾನ ಪಾಠ ಮಾಡುವವಳು ನಾನು. ಬಿಡದಿಯಲ್ಲಿ ಕಸದಿಂದ ವಿದ್ಯುತ್ ತಯಾರಿಸುವ ಘಟಕದ ಮಾತು ಶುರುವಾದಾಗಿನಿಂದ ವಿದ್ಯಾರ್ಥಿಗಳು, ಅವರ ಅಪ್ಪ ಅಮ್ಮಂದಿರು, ಅಕ್ಕಪಕ್ಕದ ಊರಿನವರು ಒಂದೇ ಬಗೆಯ ಪ್ರಶ್ನೆ ಕೇಳುತ್ತಿದ್ದಾರೆ: ಬೂದಿಯ ವಿಷವನ್ನು ಬ್ಯಾಕ್ಟೀರಿಯಾ ತೆಗೆಯುತ್ತವಂತೆ, ನಿಜವೇ? ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ಕಸ ಸುಟ್ಟ ಮೇಲೆ ಎಲ್ಲ ಮುಗಿಯಿತಲ್ಲ. ಬೂದಿಯಲ್ಲಿ ಏನು ಉಳಿದಿರುತ್ತದೆ?

ಕಾಗದ, ಬಟ್ಟೆ, ಪ್ಲಾಸ್ಟಿಕ್ ಸುಟ್ಟು ಹೊಗೆಯಾಗಿ ಹೋಗುತ್ತವೆ. ಲೋಹ ಎಲ್ಲಿಗೂ ಹೋಗುವುದಿಲ್ಲ. ಸೀಸ, ಸತು, ತಾಮ್ರ, ಕ್ಯಾಡ್ಮಿಯಂ ಮೂಲಧಾತುಗಳು. ಬೆಂಕಿ ಅವುಗಳ ರೂಪ ಬದಲಿಸಬಹುದು, ಇಲ್ಲವಾಗಿಸಲಾರದು. ನೂರು ಕಿಲೋ ಕಸ ಸುಟ್ಟರೆ ಸುಮಾರು 20ರಿಂದ 30 ಕಿಲೋ ಬೂದಿ ಉಳಿಯುತ್ತದೆ. ನೂರು ಕಿಲೋದಲ್ಲಿ ಚದುರಿಹೋಗಿದ್ದ ಲೋಹವೆಲ್ಲ ಈಗ ಅಷ್ಟರೊಳಗೆ ಸೇರಿಕೊಂಡಿರುತ್ತದೆ.

ಲೋಹ ಕಸಕ್ಕೆ ಬರುವುದು ನಮ್ಮ ಮನೆಗಳಿಂದಲೇ. ಕೆಟ್ಟ ರಿಮೋಟ್, ಮಕ್ಕಳ ಬ್ಯಾಟರಿ ಆಟಿಕೆ, ಬೆಸುಗೆ ಹಾಕಿದ ಸರ್ಕ್ಯೂಟ್ ಬೋರ್ಡು, ಹಳೇ ಬಣ್ಣ ಬಳಿದ ಮರದ ತುಂಡು, ಒಡೆದ ಟ್ಯೂಬ್‌ಲೈಟು. ಸತು ರಬ್ಬರಿನಿಂದಲೂ ಬರುತ್ತದೆ; ಟೈರು, ಚಪ್ಪಲಿಯ ರಬ್ಬರ್ ಗಟ್ಟಿಯಾಗಲು ಸತುವಿನ ಆಕ್ಸೈಡ್ ಬೆರೆಸುತ್ತಾರೆ.

ತಳಬೂದಿ, ಹಾರುಬೂದಿ ಎಂದು ಬೇರೆ ಬೇರೆ ಹೇಳುತ್ತಾರೆ. ಯಾವುದು ಹೆಚ್ಚು ಅಪಾಯ?

ಹಾರುಬೂದಿ. ತಳಬೂದಿ ಕುಲುಮೆಯ ತಳದಲ್ಲೇ ಉಳಿಯುವಂಥದ್ದು, ಹಾರುಬೂದಿ ಹೊಗೆಯ ಜೊತೆ ಮೇಲೇಳುವಂಥದ್ದು. ಒಟ್ಟು ಕಸದ ತೂಕದಲ್ಲಿ ಹಾರುಬೂದಿ ನೂರಕ್ಕೆ ಎರಡರಿಂದ ಐದರಷ್ಟು ಮಾತ್ರ, ಆದರೆ ನಿಜವಾದ ತಲೆನೋವು ಇರುವುದು ಅಲ್ಲೇ. ಕ್ಯಾಡ್ಮಿಯಂ 767 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಕಸದ ಕುಲುಮೆ ಅದಕ್ಕಿಂತ ಬಿಸಿ. ಅಲ್ಲಿನ ಅನಿಲ ಕನಿಷ್ಠ 850 ಡಿಗ್ರಿಯಲ್ಲಿ 2 ಸೆಕೆಂಡ್ ಇರಬೇಕು ಎಂಬುದು ಈ ಘಟಕಗಳ ಸಾಮಾನ್ಯ ನಿಯಮ. ಹೀಗಾಗಿ ಕ್ಯಾಡ್ಮಿಯಂ ಆವಿಯಾಗಿ ಮೇಲೇಳುತ್ತದೆ. ಪಿವಿಸಿ ಪೈಪು, ಊಟದ ಎಂಜಲಿನ ಉಪ್ಪು ಇವುಗಳ ಕ್ಲೋರಿನ್ ಸೇರಿದರೆ ಸೀಸ, ಸತುಗಳೂ ಸುಲಭವಾಗಿ ಹಾರುವ ಕ್ಲೋರೈಡುಗಳಾಗುತ್ತವೆ. ಹೊಗೆ ತಣ್ಣಗಾಗುತ್ತಾ ಚಿಮಣಿಯ ಕಡೆ ಹೋಗುವಾಗ ಈ ಆವಿಯೆಲ್ಲ ನುಣುಪಾದ ಬೂದಿಯ ಕಣಗಳ ಮೈಮೇಲೆ ಇಬ್ಬನಿಯಂತೆ ಕೂರುತ್ತದೆ. ಆಮ್ಲದ ಹೊಗೆಯನ್ನು ತಡೆಯಲು ಸುಣ್ಣವನ್ನೂ ಊದಿರುತ್ತಾರೆ. ಎಲ್ಲವೂ ಸೇರಿ ಬ್ಯಾಗ್ ಫಿಲ್ಟರಿನಲ್ಲಿ ಸಿಕ್ಕಿಬೀಳುವುದೇ ಹಾರುಬೂದಿ.

ಹತ್ತಿರದಿಂದ ನೋಡಿದರೆ ಅದು ವಿಭೂತಿಯಂತೆ ನಯ, ಬಣ್ಣ ಬೂದು. ಗಾಜಿನ ಲೋಟದ ನೀರಿಗೆ ಒಂದು ಚಮಚ ಹಾಕಿದರೆ ನೀರು ಜಾರುಜಾರಾಗುತ್ತದೆ, ಹುಳಿ, ಕ್ಷಾರ ಅಳೆಯುವ ಪಿಎಚ್ ಪಟ್ಟಿ ಇಳಿಸಿದರೆ ಕಡುನೀಲಿಗೆ ತಿರುಗುತ್ತದೆ. ಸುಮಾರು 12ರ ಪಿಎಚ್, ಸುಣ್ಣದ ತಿಳಿಯಷ್ಟೇ ಕ್ಷಾರ. ಮೇಲಿನ ತಿಳಿನೀರನ್ನು ತಟ್ಟೆಯಲ್ಲಿ ಒಣಗಲು ಬಿಟ್ಟರೆ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟುತ್ತದೆ. ಲೋಹ ಕಣದ ಹೊರಮೈಯಲ್ಲೇ ಇರುವುದರಿಂದ ಮಳೆ ನೀರಿಗೆ ಬಿಟ್ಟುಕೊಡಲು ಹೊತ್ತು ಬೇಕಾಗುವುದಿಲ್ಲ. ಅದರಲ್ಲೂ ಸೀಸಕ್ಕೊಂದು ಕೆಟ್ಟ ಗುಣವಿದೆ: ಹುಳಿಯಲ್ಲೂ ಕರಗುತ್ತದೆ, ಅತಿ ಕ್ಷಾರದಲ್ಲೂ ಕರಗುತ್ತದೆ. ಹೊಸ ಹಾರುಬೂದಿಯಿಂದ ಬರೀ ನೀರು ಬಿದ್ದರೂ ಸೀಸ ಹೊರಬರುವುದು ಇದಕ್ಕೇ.

ಶಕ್ತಿನಗರದ ಹಾರುಬೂದಿಯಿಂದ ಇಟ್ಟಿಗೆ, ಸಿಮೆಂಟ್ ಮಾಡುತ್ತಾರಲ್ಲ. ಇದರಿಂದ ಯಾಕೆ ಮಾಡಬಾರದು?

ಹೆಸರು ಒಂದೇ, ಸರಕು ಬೇರೆ. ರಾಯಚೂರಿನ ಉಷ್ಣ ವಿದ್ಯುತ್ ಸ್ಥಾವರದಲ್ಲಿ ಉರಿಯುವುದು ಕಲ್ಲಿದ್ದಲು. ಅದರ ಬೂದಿ ಬಹುಪಾಲು ಸಿಲಿಕಾ, ಅಲ್ಯುಮಿನಾ. ಉಪ್ಪು ಇಲ್ಲವೆಂಬಷ್ಟು ಕಡಿಮೆ. ಕಸದ ಹಾರುಬೂದಿಯಲ್ಲಿ ಕ್ಲೋರೈಡ್ ತುಂಬಿರುತ್ತದೆ, ಕ್ಯಾಡ್ಮಿಯಂ, ಸೀಸ, ಸತು ಹಲವು ಪಟ್ಟು ಹೆಚ್ಚಿರುತ್ತದೆ, ಜೊತೆಗೆ ಕಸ ಸುಡುವಾಗ ಹುಟ್ಟುವ ಡಯಾಕ್ಸಿನ್ ಎಂಬ ವಿಷ. ಕಾಂಕ್ರೀಟಿಗೆ ಬೆರೆಸಿದರೆ ಕ್ಲೋರೈಡ್ ಒಳಗಿನ ಕಬ್ಬಿಣದ ಸರಳಿಗೆ ತುಕ್ಕು ಹಿಡಿಸುತ್ತದೆ. ಬೂದಿಯಲ್ಲಿ ಅಲ್ಯೂಮಿನಿಯಂ ಚೂರುಗಳಿದ್ದರೆ ಕ್ಷಾರದ ನೀರು ತಾಗಿ ಹೈಡ್ರೋಜನ್ ಅನಿಲ ಹುಟ್ಟುತ್ತದೆ. ತೇವ ತಾಗಿದ ಬೂದಿಯ ಚೀಲ ಉಬ್ಬಿ ನಿಂತಿದ್ದರೆ ಹತ್ತಿರ ಬೀಡಿ ಹಚ್ಚಬೇಡಿ. "ಹಾರುಬೂದಿ ಇಟ್ಟಿಗೆ" ಎಂದು ಯಾರಾದರೂ ಮಾರಿದರೆ ಯಾವ ಹಾರುಬೂದಿ ಎಂದು ಕೇಳುವುದು ನಿಮ್ಮ ಹಕ್ಕು.

ಒಲೆಯ ಬೂದಿಯನ್ನು ಬಾಳೆ, ತೆಂಗಿನ ಬುಡಕ್ಕೆ ಹಾಕುತ್ತೇವೆ. ಇದನ್ನೂ ಹಾಕಬಹುದೇ?

ಬೇಡವೇ ಬೇಡ. ಸೌದೆಯ ಬೂದಿಯಲ್ಲಿ ಪೊಟ್ಯಾಶ್ ಇರುತ್ತದೆ, ಗಿಡಕ್ಕೆ ಬೇಕಾದದ್ದು. ಕಸದ ಬೂದಿಯ ಕ್ಯಾಡ್ಮಿಯಂ ಬೇರಿನ ಮೂಲಕ ಎಲೆಗೆ, ಕಾಳಿಗೆ ಏರುತ್ತದೆ. ಜಪಾನಿನ ತೊಯಾಮಾ ಪ್ರಾಂತದಲ್ಲಿ ಜಿಂಜು ನದಿಯ ನೀರು ಹಾಯಿಸಿದ ಗದ್ದೆಗಳ ಅಕ್ಕಿ ತಿಂದ ಜನರಿಗೆ, ಬಹುಪಾಲು ಹೆಂಗಸರಿಗೆ, ಮೂಳೆ ಮೆತ್ತಗಾಗಿ ಮುರಿಯುವ ಕಾಯಿಲೆ ಬಂತು. ನೋವಿಗೆ ಅವರು ಇಡುತ್ತಿದ್ದ ಕೂಗೇ ಕಾಯಿಲೆಯ ಹೆಸರಾಯಿತು: ಇತಾಯ್ ಇತಾಯ್, ಅಂದರೆ ನೋವು, ನೋವು. ಮೇಲಿನ ಗಣಿಯಿಂದ ಹರಿದ ಕ್ಯಾಡ್ಮಿಯಂ ಅದಕ್ಕೆ ಕಾರಣ ಎಂದು 1968ರಲ್ಲಿ ಅಲ್ಲಿನ ಸರ್ಕಾರ ಒಪ್ಪಿಕೊಂಡಿತು. ನಮ್ಮ ಮೂತ್ರಪಿಂಡಕ್ಕೆ ಸೇರಿದ ಕ್ಯಾಡ್ಮಿಯಂ ಹತ್ತಾರು ವರ್ಷ ಅಲ್ಲೇ ಉಳಿಯುತ್ತದೆ. ಅನ್ನ ಉಣ್ಣುವ ನಾಡಿನವರು ಈ ಕಥೆಯನ್ನು ಮರೆಯಬಾರದು.

ಬ್ಯಾಕ್ಟೀರಿಯಾ ಲೋಹವನ್ನು ತಿಂದು ಮುಗಿಸುತ್ತದೆಯೇ?

ಇಲ್ಲ. ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಈ ತಪ್ಪು ತಿಳಿವಳಿಕೆಯಿಂದಲೇ ಹುಟ್ಟುತ್ತವೆ. ಸೋರಿದ ಎಣ್ಣೆಯನ್ನು ಬ್ಯಾಕ್ಟೀರಿಯಾ ತಿನ್ನುತ್ತವೆ, ಒಡೆದು ನೀರು, ಇಂಗಾಲದ ಡೈಆಕ್ಸೈಡ್ ಮಾಡುತ್ತವೆ. ಬೆಂಕಿಗೇ ಮಣಿಯದ ಸೀಸವನ್ನು ಒಡೆಯಲು ಯಾವ ಜೀವಿಗೂ ಆಗದು.

ಬ್ಯಾಕ್ಟೀರಿಯಾ ಮಾಡಬಲ್ಲದ್ದು ಎರಡು ಕೆಲಸ. ಒಂದು, ಬೂದಿಯಿಂದ ಲೋಹವನ್ನು ನೀರಿಗೆ ಎಳೆದು ತೆಗೆಯುವುದು. ಆಮೇಲೆ ಆ ನೀರಿನಿಂದ ಲೋಹ ಹಿಡಿದುಕೊಳ್ಳಬೇಕು. ಇನ್ನೊಂದು, ಲೋಹವನ್ನು ಬೂದಿಯೊಳಗೇ ಕರಗದ ಕಲ್ಲಿನಂತೆ ಕಟ್ಟಿಹಾಕುವುದು. ಮೊದಲನೆಯದು ಕೀಳುವುದು, ಎರಡನೆಯದು ಕಟ್ಟುವುದು. ಎರಡರ ಹಾದಿಯೂ ತದ್ವಿರುದ್ಧ. ಯಾರೇ ಬಂದು "ಬ್ಯಾಕ್ಟೀರಿಯಾದಿಂದ ಶುದ್ಧ ಮಾಡುತ್ತೇವೆ" ಎಂದಾಗ ನಾನು ಕೇಳುವುದು ಒಂದೇ: ಮಾಡಿ ಮುಗಿಸಿದ ಮೇಲೆ ಲೋಹ ಎಲ್ಲಿರುತ್ತದೆ? ಅದಕ್ಕೆ ಉತ್ತರ ಇಲ್ಲದಿದ್ದರೆ ಮಿಕ್ಕ ಮಾತಿಗೆ ಬೆಲೆ ಇಲ್ಲ.

ಕೀಳುವ ಕೆಲಸ ಹೇಗೆ ನಡೆಯುತ್ತದೆ?

ಕಪ್ಪಾದ ತಾಮ್ರದ ಚೆಂಬಿಗೆ ಹುಣಸೆಹಣ್ಣು ತಿಕ್ಕಿದರೆ ಫಳಫಳ ಹೊಳೆಯುತ್ತದೆ. ಹುಣಸೆಯ ಹುಳಿ ತಾಮ್ರದ ಆಕ್ಸೈಡನ್ನು ಕರಗಿಸಿ ನೀರಿಗೆ ಬಿಟ್ಟಿತು. ಇಲ್ಲೂ ಅದೇ, ಹುಳಿ ತಯಾರಿಸುವವು ಮಾತ್ರ ಬ್ಯಾಕ್ಟೀರಿಯಾ. ಅಸಿಡಿಥಿಯೋಬ್ಯಾಸಿಲಸ್ ಎಂಬ ಕುಲದವು ಗಂಧಕವನ್ನು ಉಣ್ಣುತ್ತವೆ, ಗಂಧಕಾಮ್ಲವನ್ನು ಹೊರಬಿಡುತ್ತವೆ. ಸಕ್ಕರೆ, ಬೆಲ್ಲ ಏನೂ ಬೇಡ. ಬೇಕಾದ ಇಂಗಾಲವನ್ನು ಗಾಳಿಯಿಂದಲೇ ಹಿಡಿಯುತ್ತವೆ. ಅವುಗಳಲ್ಲಿ ಥಿಯೋಆಕ್ಸಿಡಾನ್ಸ್ ಅನ್ನು 1922ರಲ್ಲೇ ಗುರುತಿಸಿದ್ದರು. ಕಬ್ಬಿಣವನ್ನೂ ಉತ್ಕರ್ಷಿಸಬಲ್ಲ, ಅಂದರೆ ಆಕ್ಸಿಡೈಸ್ ಮಾಡಬಲ್ಲ, ಫೆರೋಆಕ್ಸಿಡಾನ್ಸ್ 1947ರಲ್ಲಿ ಅಮೆರಿಕದ ಕಲ್ಲಿದ್ದಲು ಗಣಿಗಳ ಹುಳಿನೀರಿನಲ್ಲಿ ಸಿಕ್ಕಿತು.

ಪ್ರಯೋಗಾಲಯದಲ್ಲಿ ಇದನ್ನು ನೋಡುವುದೇ ಒಂದು ಸಂತೋಷ. ಫ್ಲಾಸ್ಕಿನ ನೀರಿಗೆ ಹಳದಿ ಗಂಧಕದ ಪುಡಿ ಉದುರಿಸಿದರೆ ಮುಳುಗುವುದಿಲ್ಲ, ಹಾಲಿನ ಕೆನೆಯಂತೆ ಮೇಲೇ ತೇಲುತ್ತದೆ. ಗಂಧಕಕ್ಕೆ ನೀರು ಅಂಟದು. ಬ್ಯಾಕ್ಟೀರಿಯಾ ಬಿಟ್ಟು ಕೆಲವು ದಿನ ಕುಲುಕು ಯಂತ್ರದಲ್ಲಿ ಇಟ್ಟರೆ ಪುಡಿ ನೆನೆದು ಕೆಳಗಿಳಿಯಲು ಶುರುವಾಗುತ್ತದೆ, ನೀರು ಮಬ್ಬಾಗುತ್ತದೆ. ಬ್ಯಾಕ್ಟೀರಿಯಾ ಗಂಧಕದ ಮೈಗೆ ಅಂಟಿಕೊಂಡು ಅದನ್ನು ನೀರಿಗೆ ಒಗ್ಗಿಸಿಕೊಂಡ ಗುರುತು ಅದು. ಹುಳಿ ಹೆಚ್ಚಿದಂತೆ ಪಿಎಚ್ ದಿನದಿನಕ್ಕೆ ಇಳಿಯುತ್ತದೆ, 4, 3, 2. ಪುಡಿ ಮೇಲೇ ತೇಲುತ್ತಿರುವ ಫ್ಲಾಸ್ಕನ್ನು ನೋಡಿದರೆ ಅಳೆಯದೆಯೇ ಹೇಳಬಹುದು, ಇದರಲ್ಲಿ ಬೆಳವಣಿಗೆ ಆಗಿಲ್ಲ ಎಂದು.

ಇದನ್ನು ನಿಜವಾಗಿ ಕಸದ ಬೂದಿಯ ಮೇಲೆ ಯಾರಾದರೂ ಮಾಡಿದ್ದಾರೆಯೇ?

ಮಾಡಿದ್ದಾರೆ. ನನ್ನ ಕಣ್ಣಿಗೆ ಅತ್ಯಂತ ಅಚ್ಚುಕಟ್ಟಾದ ಕೆಲಸ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ವಿಶ್ವವಿದ್ಯಾಲಯದ್ದು. ಕ್ರಿಸ್ಟೋಫ್ ಬ್ರೊಂಬಾಕರ್, ರೈನ್‌ಹಾರ್ಡ್ ಬಾಖೋಫೆನ್, ಹೆಲ್ಮುಟ್ ಬ್ರಾಂಡಲ್ 1998ರಲ್ಲಿ ಪ್ರಕಟಿಸಿದ ಪ್ರಯೋಗ. ಒಂದರ ನಂತರ ಒಂದರಂತೆ ಮೂರು ಪಾತ್ರೆ ಜೋಡಿಸಿದರು. ಲೀಟರಿಗೆ 50 ಗ್ರಾಂ ಹಾರುಬೂದಿ. ಒಂದೊಂದು ಪಾತ್ರೆಯಲ್ಲಿ ಸರಾಸರಿ 2 ದಿನ, ಒಟ್ಟು 6 ದಿನ. ಬ್ಯಾಕ್ಟೀರಿಯಾವನ್ನು ಬೂದಿಯ ಜೊತೆಗೇ ಬೆಳೆಸದೆ ಬೇರೆ ತೊಟ್ಟಿಯಲ್ಲಿ ಬೆಳೆಸಿಟ್ಟುಕೊಂಡು ಸೇರಿಸುತ್ತಾ ಹೋದರು. ಕೊನೆಯಲ್ಲಿ ಕ್ಯಾಡ್ಮಿಯಂ ಪೂರ್ತಿ, ನೂರಕ್ಕೆ ನೂರು, ಕರಗಿ ಬಂತು. ತಾಮ್ರ 89 ಶೇಕಡಾ, ಸತು 81ರವರೆಗೆ, ನಿಕಲ್ 64, ಅಲ್ಯೂಮಿನಿಯಂ 52ರವರೆಗೆ. ಕ್ರೋಮಿಯಂ ಮಾತ್ರ ಹಠ ಹಿಡಿಯಿತು, ಬಂದದ್ದು 12.

ಇದರಲ್ಲಿ ನನಗೆ ಹಿಡಿಸಿದ್ದು ಇನ್ನೊಂದು ಸಂಗತಿ. ಹೆಚ್ಚಿನ ಲೋಹಗಳು ಕರಗಿದ್ದು ಬ್ಯಾಕ್ಟೀರಿಯಾ ತಯಾರಿಸಿದ ಆಮ್ಲದಿಂದ. ತಾಮ್ರಕ್ಕೆ ಮಾತ್ರ ಆಮ್ಲವಷ್ಟೇ ಸಾಲಲಿಲ್ಲ, ಫೆರೋಆಕ್ಸಿಡಾನ್ಸ್ ಜೀವಂತವಾಗಿ ದುಡಿಯಬೇಕಾಯಿತು. ಆ ಬೂದಿಯಲ್ಲಿ ತಾಮ್ರ ಸಲ್ಫೈಡ್ ರೂಪದಲ್ಲೂ ಕೆಂಪು ಆಕ್ಸೈಡ್ ರೂಪದಲ್ಲೂ ಇತ್ತು; ಅವನ್ನು ಉತ್ಕರ್ಷಿಸದೆ ತಾಮ್ರ ಬಿಡಿಸಿಕೊಳ್ಳಲಾಗದು. ಬಾಟಲಿಯ ಆಮ್ಲಕ್ಕೂ ಜೀವಿಗೂ ಇರುವ ವ್ಯತ್ಯಾಸ ಅಲ್ಲಿ ಕಾಣುತ್ತದೆ.

ಅದೇ ವಿಶ್ವವಿದ್ಯಾಲಯದ ಗುಂಪು 1996ರಲ್ಲಿ ಆಸ್ಪರ್ಜಿಲಸ್ ನೈಜರ್ ಎಂಬ ಶಿಲೀಂಧ್ರದಿಂದಲೂ ಬೂದಿಯ ಲೋಹ ಕಿತ್ತು ತೋರಿಸಿತ್ತು. ಈರುಳ್ಳಿ ಸಿಪ್ಪೆಯ ಮೇಲೆ ಕಾಡಿಗೆಯಂತೆ ಕಾಣುತ್ತದಲ್ಲ, ಆ ಕಪ್ಪು ಬೂಷ್ಟು. ಅದು ಬಿಡುವುದು ಸಿಟ್ರಿಕ್ ಆಮ್ಲ. ಆದರೆ ಅದಕ್ಕೆ ಸಕ್ಕರೆ ಉಣಿಸಬೇಕು, ಖರ್ಚು ಅಲ್ಲೇ ಏರುತ್ತದೆ.

ಪಟ್ಟಿಯಲ್ಲಿ ಸೀಸ ಇಲ್ಲವಲ್ಲ?

ಸರಿಯಾಗಿ ಗಮನಿಸಿದ್ದೀರಿ. ಗಂಧಕಾಮ್ಲ ತಾಗಿದ ಸೀಸ ಲೆಡ್ ಸಲ್ಫೇಟ್ ಆಗಿ ಅಲ್ಲೇ ಕೂರುತ್ತದೆ, ನೀರಿಗೆ ಇಳಿಯುವುದು ತೀರಾ ಕಡಿಮೆ. ಕಾರಿನ ಹಳೇ ಬ್ಯಾಟರಿಯ ತಟ್ಟೆಗೆ ಹಿಡಿಯುವ ಬಿಳಿ ಪದರವೂ ಇದೇ. ಹಾಗಾಗಿ ಈ ವಿಧಾನದಲ್ಲಿ ಕ್ಯಾಡ್ಮಿಯಂ, ಸತು ಹೋದರೂ ಸೀಸ ಬೂದಿಯಲ್ಲಿ ಉಳಿದಿರುತ್ತದೆ. ಸೀಸ ಮಕ್ಕಳ ಮಿದುಳಿಗೆ ಎಷ್ಟು ಕಡಿಮೆ ಇದ್ದರೂ ಒಳ್ಳೆಯದಲ್ಲ. ಇಷ್ಟು ಇದ್ದರೆ ಪರವಾಗಿಲ್ಲ ಎನ್ನುವ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದ್ದರಿಂದ "90 ಶೇಕಡಾ ಲೋಹ ತೆಗೆದೆವು" ಎಂಬ ಒಂದೇ ಅಂಕಿಯನ್ನು ನಂಬಬೇಡಿ. ಯಾವ ಲೋಹ ಎಷ್ಟು ಎಂದು ಬಿಡಿಬಿಡಿಯಾಗಿ ಕೇಳಿ.

1998ರಲ್ಲೇ ಇಷ್ಟು ಚೆನ್ನಾಗಿ ಆಗಿದ್ದರೆ ಎಲ್ಲ ಕಡೆ ಯಾಕೆ ಬರಲಿಲ್ಲ?

ಕಾರಣಗಳು ಹಲವು, ಒಂದಕ್ಕೊಂದು ಹೆಣೆದುಕೊಂಡಿವೆ. ಬೂದಿಯ ಕ್ಷಾರ ಮೊದಲ ಶತ್ರು: ಬ್ಯಾಕ್ಟೀರಿಯಾ ಕಷ್ಟಪಟ್ಟು ಮಾಡಿದ ಆಮ್ಲವನ್ನು ಸುಣ್ಣ ನುಂಗಿಹಾಕುತ್ತದೆ. ಎರಡನೆಯದು ಉಪ್ಪು. ಈ ಬ್ಯಾಕ್ಟೀರಿಯಾಗಳಿಗೆ ಕ್ಲೋರೈಡ್ ಆಗಿಬರುವುದಿಲ್ಲ, ಹೆಚ್ಚಾದರೆ ಕೆಲಸ ನಿಲ್ಲಿಸುತ್ತವೆ. ಬೂದಿಯನ್ನು ಮೊದಲು ನೀರಿನಲ್ಲಿ ತೊಳೆದರೆ ಉಪ್ಪು ಹೋಗುತ್ತದೆ, ಆದರೆ ತೊಳೆದ ನೀರಿನಲ್ಲಿ ಸೀಸವೂ ಬರುತ್ತದೆ, ಅದನ್ನು ಸಂಸ್ಕರಿಸಬೇಕು. ಮೂರನೆಯದು ದಿನಗಳ ಲೆಕ್ಕ. ಬಾಟಲಿಯ ಆಮ್ಲ ಗಂಟೆಗಳಲ್ಲಿ ಮಾಡುವುದನ್ನು ಬ್ಯಾಕ್ಟೀರಿಯಾ ದಿನಗಳಲ್ಲಿ ಮಾಡುತ್ತದೆ.

ಆದರೆ ಸ್ವಿಟ್ಜರ್ಲೆಂಡಿನಲ್ಲಿ ಬ್ಯಾಕ್ಟೀರಿಯಾಗೆ ಜಾಗ ಸಿಗದಿರಲು ಇನ್ನೂ ಸರಳವಾದ ಕಾರಣವಿದೆ ಎಂದು ನನ್ನ ಅನಿಸಿಕೆ. ಅಲ್ಲಿನ ಘಟಕಗಳು ಹೊಗೆಯನ್ನು ನೀರಿನಿಂದ ತೊಳೆಯುತ್ತವೆ, ಆ ನೀರಿನಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ತಾನಾಗಿಯೇ ಸಿಗುತ್ತದೆ. ಎಸೆಯಬೇಕಾದ ಆಮ್ಲದಿಂದಲೇ ಎಸೆಯಬೇಕಾದ ಬೂದಿಯನ್ನು ತೊಳೆದುಬಿಡುತ್ತಾರೆ. ಮನೆಯಲ್ಲೇ ಹುಳಿ ಇರುವಾಗ ಬ್ಯಾಕ್ಟೀರಿಯಾ ಸಾಕುವ ಖರ್ಚು ಯಾರಿಗೆ ಬೇಕು? ತ್ಸೂಖ್‌ವಿಲ್ ಎಂಬ ಊರಿನ ಘಟಕದಲ್ಲಿ 2012ರಿಂದ ಹೀಗೆ ತೊಳೆದ ನೀರಿನಿಂದ ಶುದ್ಧ ಸತುವಿನ ತಗಡನ್ನೇ ತೆಗೆಯುತ್ತಿದ್ದಾರೆ. ಹಾರುಬೂದಿಯಿಂದ ಲೋಹ ಮರಳಿ ಪಡೆಯಲೇಬೇಕು ಎಂಬ ನಿಯಮ ಆ ದೇಶದಲ್ಲಿ 2016ರಲ್ಲಿ ಬಂತು. ಇಂಥ ನಿಯಮ ಇಲ್ಲದ ಕಡೆ ಹಾರುಬೂದಿ ಹೆಚ್ಚಾಗಿ ಭೂಭರ್ತಿಗೆ, ಅಂದರೆ ಕಸ ಹೂಳುವ ಜಾಗಕ್ಕೆ, ಹೋಗುತ್ತದೆ. ಜರ್ಮನಿಯಲ್ಲಿ ನೆಲದಾಳದ ಹಳೇ ಉಪ್ಪಿನ ಗಣಿಗಳಿಗೂ ಇಳಿಸುತ್ತಾರೆ.

ಹೊಗೆಗೆ ಒಣ ಸುಣ್ಣ ಊದುವ ಘಟಕಗಳಲ್ಲಿ ಆ ಬಿಟ್ಟಿ ಆಮ್ಲ ಇರುವುದಿಲ್ಲ. ಬ್ಯಾಕ್ಟೀರಿಯಾದ ಮಾತು ಮತ್ತೆ ಏಳುವುದು ಅಲ್ಲೇ.

ಕಟ್ಟಿಹಾಕುವ ವಿಧಾನ ಹೇಗೆ?

ಬೋರ್‌ವೆಲ್ ನೀರಿನ ಊರುಗಳಲ್ಲಿ ಬಚ್ಚಲ ಹಂಡೆಯ ಒಳಗೆ, ಗೀಸರಿನ ಕಾಯಿಲ್‌ಗೆ ಬಿಳಿ ಪೊರೆ ಕಟ್ಟುವುದು ಎಲ್ಲರಿಗೂ ಗೊತ್ತು. ಅದು ಕ್ಯಾಲ್ಸಿಯಂ ಕಾರ್ಬೊನೇಟ್, ಸುಣ್ಣಕಲ್ಲಿನದೇ ವಸ್ತು. ಸ್ಪೋರೋಸಾರ್ಸಿನಾ ಪಾಶ್ಚುರಿ ಎಂಬ ಮಣ್ಣಿನ ಬ್ಯಾಕ್ಟೀರಿಯಾ ಇಂಥ ಪೊರೆಯನ್ನು ಬೇಕೆಂದಲ್ಲಿ ಕಟ್ಟಬಲ್ಲದು. ಅದರ ಬಳಿ ಯೂರಿಯೇಸ್ ಎಂಬ ಕಿಣ್ವ ಹೇರಳವಾಗಿದೆ. ಯೂರಿಯಾ ಕೊಟ್ಟರೆ ಒಡೆದು ಅಮೋನಿಯಂ ಮತ್ತು ಕಾರ್ಬೊನೇಟ್ ಮಾಡುತ್ತದೆ. ಸುತ್ತ ಕ್ಯಾಲ್ಸಿಯಂ ಇದ್ದರೆ ಕಾರ್ಬೊನೇಟ್ ಅದನ್ನು ಸೇರಿ ಹರಳಾಗುತ್ತದೆ. ಕ್ಯಾಡ್ಮಿಯಂ, ಸೀಸ, ಸತು ಇದ್ದರೆ ಅವೂ ಕಾರ್ಬೊನೇಟ್ ಆಗುತ್ತವೆ, ಇಲ್ಲವೇ ಸುಣ್ಣದ ಹರಳಿನೊಳಗೆ ಸಿಕ್ಕಿಹಾಕಿಕೊಳ್ಳುತ್ತವೆ. ಬೂದಿಯ ಕಣಗಳು ಒಂದಕ್ಕೊಂದು ಬೆಸೆದುಕೊಳ್ಳುವುದರಿಂದ ನೀರು ಒಳಹೊಕ್ಕುವ ದಾರಿಯೂ ಕಡಿಮೆಯಾಗುತ್ತದೆ.

ಕಸದ ಹಾರುಬೂದಿಗೆ ಇದು ಎರಡು ರೀತಿಯಲ್ಲಿ ಹೊಂದುತ್ತದೆ. ಕ್ಯಾಲ್ಸಿಯಂ ಬೂದಿಯಲ್ಲೇ ಧಾರಾಳವಾಗಿದೆ, ಹೊರಗಿನಿಂದ ತರುವ ಗೋಜು ಕಡಿಮೆ. ಮತ್ತೆ, ಪಿಎಚ್ 12ರಿಂದ 9ರ ಆಸುಪಾಸಿಗೆ ಇಳಿದರೆ ಸೀಸ ಅತಿ ಕಡಿಮೆ ಕರಗುವ ವಲಯಕ್ಕೆ ಬರುತ್ತದೆ. ಗಂಧಕದ ದಾರಿಯಲ್ಲಿ ಕೈಗೆ ಸಿಗದ ಸೀಸ ಈ ದಾರಿಯಲ್ಲಿ ಹಿಡಿತಕ್ಕೆ ಸಿಗುತ್ತದೆ. ಈಚಿನ ವರ್ಷಗಳಲ್ಲಿ ಚೀನಾದ ಪ್ರಯೋಗಾಲಯಗಳು ಈ ನಿಟ್ಟಿನಲ್ಲಿ ಸಾಕಷ್ಟು ಕೆಲಸ ಮಾಡಿವೆ.

ಈ ಬ್ಯಾಕ್ಟೀರಿಯಾ ಬೆಂಗಳೂರಿನಲ್ಲಿ ಇಟ್ಟಿಗೆ ಮಾಡಿದ್ದೂ ಇದೇನಾ?

ಅದೇ. ಭಾರತೀಯ ವಿಜ್ಞಾನ ಸಂಸ್ಥೆಯ ಅಲೋಕ್ ಕುಮಾರ್ ಅವರ ತಂಡ ಇಸ್ರೋ ಜೊತೆಗೂಡಿ ಚಂದ್ರನ ಮಣ್ಣನ್ನು ಹೋಲುವ ಪುಡಿಗೆ ಇದೇ ಸ್ಪೋರೋಸಾರ್ಸಿನಾ ಪಾಶ್ಚುರಿ, ಯೂರಿಯಾ, ಗೋರಿಕಾಯಿ ಬೀಜದ ಅಂಟು ಬೆರೆಸಿ ಇಟ್ಟಿಗೆ ಮಾಡಿತು. 2020ರಲ್ಲಿ ಅದು ಸುದ್ದಿಯಾಯಿತು. ಅದು ಬೂದಿಯ ಮೇಲಿನ ಕೆಲಸವಲ್ಲ. ಆದರೂ ಪುಡಿಯನ್ನು ಕಲ್ಲಾಗಿಸುವ ಕೈಚಳಕ ನಮ್ಮ ಊರಿನಲ್ಲೇ ಇದೆ ಎಂದು ವಿದ್ಯಾರ್ಥಿಗಳಿಗೆ ಹೇಳುವಾಗ ನನಗೆ ಹೆಮ್ಮೆ. ಕೀಳುವ ವಿದ್ಯೆಯೂ ಇಲ್ಲಿಗೆ ಹೊಸದಲ್ಲ. ಅದೇ ಸಂಸ್ಥೆಯ ಕೆ.ಎ. ನಟರಾಜನ್ ಅವರು ಖನಿಜಗಳ ಮೇಲೆ ಅಸಿಡಿಥಿಯೋಬ್ಯಾಸಿಲಸ್ ಬಳಸುವ ಬಗ್ಗೆ ದಶಕಗಳ ಕಾಲ ದುಡಿದಿದ್ದಾರೆ, ಹಟ್ಟಿ ಚಿನ್ನದ ಗಣಿ ಕಂಪನಿಯ ಅದಿರಿನ ಮೇಲೂ.

ಯೂರಿಯಾ ವಿಧಾನಕ್ಕೆ ತೊಂದರೆಯೇ ಇಲ್ಲವೇ?

ಇದೆ, ಮೂಗಿಗೇ ಗೊತ್ತಾಗುತ್ತದೆ. ಒಂದು ಕಿಲೋ ಯೂರಿಯಾ ಪೂರ್ತಿ ಒಡೆದರೆ ಸುಮಾರು 570 ಗ್ರಾಂ ಅಮೋನಿಯಾ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಾಡಿದರೆ ಕಣ್ಣು ಉರಿದು ನೀರು ಸುರಿಯುತ್ತದೆ. ಅದನ್ನು ಹಿಡಿದು ಗೊಬ್ಬರವಾಗಿಸದೆ ಚರಂಡಿಗೆ ಬಿಟ್ಟರೆ ಕೆರೆಗೆ ಹೊಸ ಮಾಲಿನ್ಯ. ಇದಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದಿದೆ: ಅಮೋನಿಯಾ ತಾಮ್ರ, ಸತು, ಕ್ಯಾಡ್ಮಿಯಂ ಜೊತೆ ಕೈಜೋಡಿಸಿ ಅವನ್ನು ಮತ್ತೆ ಕರಗಿಸಬಲ್ಲದು. ಕಟ್ಟಲು ಹೋಗಿ ಬಿಚ್ಚಿದ ಹಾಗೆ. ಯೂರಿಯಾ ಎಷ್ಟು, ಬೂದಿ ಎಷ್ಟು ಎಂಬ ಅಳತೆ ತಪ್ಪಿದರೆ ಫಲ ತಿರುಗಿಬೀಳುತ್ತದೆ.

ಪಿಎಚ್ 12ರಲ್ಲಿ ಈ ಬ್ಯಾಕ್ಟೀರಿಯಾವೂ ಬೆಳೆಯದು. ಹೊರಗೆ ಬೆಳೆಸಿ, ಕಿಣ್ವ ತುಂಬಿಕೊಂಡ ಮೇಲೆ ತಂದು ಬೆರೆಸಬೇಕು, ಇಲ್ಲವೇ ಬೂದಿಯನ್ನು ಮೊದಲು ತೊಳೆಯಬೇಕು.

ಇನ್ನು ಕಾರ್ಬೊನೇಟ್ ಹುಳಿ ತಾಗಿದರೆ ಕರಗುತ್ತದೆ. ನೆಲದ ಮೇಲಿನ ಸುಣ್ಣದ ಕಲೆಗೆ ನಿಂಬೆರಸ ಹಾಕಿದರೆ ನೊರೆ ಬರುವುದಿಲ್ಲವೇ, ಹಾಗೆ. ಹಸಿ ಕಸ ಕೊಳೆಯುವ ಮೊದಲ ದಿನಗಳಲ್ಲಿ ಸೋರುವ ಕಪ್ಪುನೀರು ಹುಳಿಯಾಗಿರುತ್ತದೆ. ಬ್ಯಾಕ್ಟೀರಿಯಾದಿಂದ ಕಟ್ಟಿದ ಬೂದಿಯನ್ನು ತಂದು ಹಸಿ ಕಸದ ಗುಡ್ಡೆಗೇ ಸುರಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಬೆಂಗಳೂರಿನ ಕಸ ಸುರಿದ ಮಂಡೂರು, ಮಾವಳ್ಳಿಪುರದ ಗುಡ್ಡೆಗಳಿಂದ ಸೋರಿದ ನೀರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಲೋಹವನ್ನು ಸಲ್ಫೈಡ್ ಮಾಡುವ ಬ್ಯಾಕ್ಟೀರಿಯಾ ಎಂದೂ ಕೇಳಿದ್ದೇನೆ. ಅದು ಯಾವುದು?

ಗಾಳಿ ಇಲ್ಲದ ಕೆಸರಿನಲ್ಲಿ ಬದುಕುವ, ಸಲ್ಫೇಟನ್ನು ಸಲ್ಫೈಡ್‌ಗೆ ಇಳಿಸುವ ಬ್ಯಾಕ್ಟೀರಿಯಾ. ಚರಂಡಿ ಕೆದಕಿದಾಗ ಬರುವ ಕೊಳೆತ ಮೊಟ್ಟೆಯ ವಾಸನೆ ಇವುಗಳದ್ದೇ, ಹೈಡ್ರೋಜನ್ ಸಲ್ಫೈಡ್. ಆ ಅನಿಲ ಕರಗಿದ ಲೋಹ ಸಿಕ್ಕಿದ ಕೂಡಲೇ ಹಿಡಿದು ಕೆಳಗೆ ಕೂರಿಸುತ್ತದೆ: ಸೀಸವಾದರೆ ಕಪ್ಪು, ಕ್ಯಾಡ್ಮಿಯಂ ಆದರೆ ಅರಿಶಿನದ ಹಳದಿ, ಸತುವಾದರೆ ಬಿಳಿ. ಬೂದಿಗಿಂತ, ಬೂದಿ ತೊಳೆದ ನೀರಿಗೆ ಇದು ಒಳ್ಳೆಯ ಜೊತೆ. ಇದು ಪ್ರಯೋಗಾಲಯದ ಗಡಿ ದಾಟಿ ಬಹಳ ಕಾಲವಾಯಿತು. ನೆದರ್ಲೆಂಡ್ಸ್‌ನ ಬುಡೆಲ್ ಸತು ಕಾರ್ಖಾನೆಯಲ್ಲಿ 1992ರಿಂದ ಅಲ್ಲಿನ ಕಲುಷಿತ ಅಂತರ್ಜಲವನ್ನು ಹೀಗೆ ಸಂಸ್ಕರಿಸಿದ್ದಾರೆ. ಸಿಕ್ಕ ಸತುವಿನ ಸಲ್ಫೈಡ್ ಅದೇ ಕಾರ್ಖಾನೆಯ ಕುಲುಮೆಗೆ ವಾಪಸ್ಸು ಹೋಗುತ್ತದೆ. ಲೋಹ ಎಲ್ಲಿದೆ ಎಂಬ ಪ್ರಶ್ನೆಗೆ ಇಷ್ಟು ನೇರವಾದ ಉತ್ತರ ಅಪರೂಪ.

ಒಂದು ಎಚ್ಚರ: ಸಲ್ಫೈಡನ್ನು ಗಾಳಿ, ನೀರಿಗೆ ತೆರೆದಿಟ್ಟರೆ ನಮ್ಮ ಅಸಿಡಿಥಿಯೋಬ್ಯಾಸಿಲಸ್ ಬಂದು ಅದನ್ನೇ ಉಂಡು ಲೋಹವನ್ನು ಮತ್ತೆ ಬಿಡಿಸುತ್ತದೆ.

ಪಾದರಸ, ಕ್ರೋಮಿಯಂ, ಡಯಾಕ್ಸಿನ್?

ಪಾದರಸವನ್ನು ಆವಿಯಾಗಿಸುವ ಬ್ಯಾಕ್ಟೀರಿಯಾಗಳಿವೆ, ಆದರೆ ಅದು ನೀರಿನ ವಿಷವನ್ನು ಗಾಳಿಗೆ ದಾಟಿಸಿದಂತೆ. ಆವಿಯನ್ನು ಹಿಡಿಯದೆ ಮಾಡಬಾರದು. ವಿಷಕಾರಿ ಆರು ವೇಲೆನ್ಸಿಯ ಕ್ರೋಮಿಯಂ ಅನ್ನು ಮೂರಕ್ಕಿಳಿಸಿ ಕರಗದಂತೆ ಮಾಡುವ ಬ್ಯಾಕ್ಟೀರಿಯಾಗಳು ಹಲವು. ಡಯಾಕ್ಸಿನ್‌ಗೆ ಮೇಲೆ ಹೇಳಿದ ಯಾವ ವಿಧಾನವೂ ಮದ್ದಲ್ಲ. ಲೋಹ ತೆಗೆದ ಬೂದಿ ಡಯಾಕ್ಸಿನ್ ತೆಗೆದ ಬೂದಿಯಲ್ಲ, ನೆನಪಿರಲಿ.

ಈ ಬ್ಯಾಕ್ಟೀರಿಯಾ ಹೊರಗೆ ಬಂದರೆ ನಮಗೆ ರೋಗ ಬರುತ್ತದೆಯೇ?

ಇಲ್ಲ. ಪಾಶ್ಚುರಿ ಮಣ್ಣಿನ ಸಾಮಾನ್ಯ ವಾಸಿ. ಅಸಿಡಿಥಿಯೋಬ್ಯಾಸಿಲಸ್‌ಗೆ ಗಂಧಕ, ಕಬ್ಬಿಣ, ಹುಳಿನೀರು ಬೇಕು; ನಮ್ಮ ಮೈಯಲ್ಲಿ ಅದಕ್ಕೆ ಊಟವಿಲ್ಲ. ಹೆದರಬೇಕಾದದ್ದು ಅದು ತಯಾರಿಸಿದ ಆಮ್ಲಕ್ಕೆ, ಅದರಲ್ಲಿ ಕರಗಿದ ಕ್ಯಾಡ್ಮಿಯಂಗೆ. ತೊಟ್ಟಿ ಸೋರಿದರೆ ಆಪತ್ತು.

ಬೂದಿ ಪರೀಕ್ಷೆಯಲ್ಲಿ ಪಾಸಾಗಿದೆ ಎನ್ನುತ್ತಾರೆ. ಅಂದರೆ ನಿರಪಾಯವೇ?

ಸಾಮಾನ್ಯವಾಗಿ ಮಾಡುವುದು ಟಿಸಿಎಲ್‌ಪಿ ಎಂಬ ಪರೀಕ್ಷೆ. ಬೂದಿಯ 20 ಪಟ್ಟು ತೂಕದ ಅಸಿಟಿಕ್ ಆಮ್ಲದ ದ್ರಾವಣದಲ್ಲಿ ಹಾಕಿ ಸುಮಾರು 18 ಗಂಟೆ ತಿರುಗಿಸಿ, ನೀರಿಗೆ ಎಷ್ಟು ಲೋಹ ಬಂತೆಂದು ಅಳೆಯುತ್ತಾರೆ. ಹಸಿ ಕಸದ ಗುಡ್ಡೆಯ ಹುಳಿಯನ್ನು ಅಣಕಿಸುವ ಪರೀಕ್ಷೆ ಇದು. ಲೀಟರಿಗೆ ಸೀಸ 5 ಮಿಲಿಗ್ರಾಂ, ಕ್ಯಾಡ್ಮಿಯಂ 1 ಮಿಲಿಗ್ರಾಂ ಮುಟ್ಟಿದರೆ ಅಪಾಯಕಾರಿ ತ್ಯಾಜ್ಯ. ನಮ್ಮ ದೇಶದ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲೂ ಇದೇ ಮಿತಿ.

ಈಗ ಕುಡಿಯುವ ನೀರಿನ ಭಾರತೀಯ ಮಾನದಂಡ ನೋಡಿ: ಸೀಸ 0.01, ಕ್ಯಾಡ್ಮಿಯಂ 0.003 ಮಿಲಿಗ್ರಾಂ. ಸೀಸದಲ್ಲಿ 500 ಪಟ್ಟು, ಕ್ಯಾಡ್ಮಿಯಂನಲ್ಲಿ 300ಕ್ಕೂ ಹೆಚ್ಚು ಪಟ್ಟು ಅಂತರ. ಪಾಸಾದ ಬೂದಿ ಎಂದರೆ ಸರಿಯಾಗಿ ಹಾಸು ಹಾಕಿದ ಭೂಭರ್ತಿಗೆ ಹೋಗಬಹುದು ಎಂದಷ್ಟೇ ಅರ್ಥ. ಕೊಳವೆಬಾವಿಯ ಪಕ್ಕ ಸುರಿಯಬಹುದು ಎಂದಲ್ಲ. ವರದಿ ಕೊಟ್ಟರೆ ಮೂರು ವಿಷಯ ನೋಡಿ: ಮಾದರಿ ತಳಬೂದಿಯದೋ ಹಾರುಬೂದಿಯದೋ, ಯಾವ ದಿನಾಂಕದ್ದು, ಸಂಸ್ಕರಣೆಗೆ ಮುಂಚಿನ ಅಂಕಿಯೂ ಇದೆಯೇ. ತಳಬೂದಿಯನ್ನೂ ಹಾರುಬೂದಿಯನ್ನೂ ಬೆರೆಸಿ ಪಾಸು ಮಾಡಿಸುವುದು ಸಂಸ್ಕರಣೆ ಅಲ್ಲ, ಅಡಗಿಸುವುದು.

ಬಿಡದಿಯಲ್ಲಿ ಇದನ್ನು ಮಾಡಬಹುದೇ?

ಲೆಕ್ಕ ಹಾಕಿ ನೋಡೋಣ. ಆ ಘಟಕ 11.5 ಮೆಗಾವ್ಯಾಟ್‌ನದು, ದಿನಕ್ಕೆ 600 ಟನ್ ಕಸದ ಸಾಮರ್ಥ್ಯ. ಹಾರುಬೂದಿ ನೂರಕ್ಕೆ ಎರಡರಂತೆ ಹಿಡಿದರೂ ದಿನಕ್ಕೆ 12 ಟನ್. ಜ್ಯೂರಿಕ್ ಅಳತೆಯಂತೆ ಒಂದು ಟನ್‌ಗೆ 20,000 ಲೀಟರ್ ನೀರು, ಅಂದರೆ ದಿನಕ್ಕೆ 2.4 ಲಕ್ಷ ಲೀಟರ್: 6,000 ಲೀಟರಿನ ಟ್ಯಾಂಕರ್ 40. ಆರು ದಿನ ತೊಟ್ಟಿಯಲ್ಲಿ ಇರಬೇಕಾದ್ದರಿಂದ 14.4 ಲಕ್ಷ ಲೀಟರ್ ಹಿಡಿಯುವ, ಆಮ್ಲ ತಡೆಯುವ ತೊಟ್ಟಿಗಳು. ನೀರನ್ನು ಮರುಬಳಸಬಹುದು, ಆದರೂ ಬೇಸಿಗೆಯ ಬಯಲುಸೀಮೆಗೆ ಇದು ಭಾರವೇ.

ಹಾಗಾಗಿ ನನ್ನ ಅಭಿಪ್ರಾಯ: ಕಟ್ಟುವ ವಿಧಾನದಿಂದ ಶುರು ಮಾಡುವುದು ನಮ್ಮಲ್ಲಿ ಹೆಚ್ಚು ಸಾಧ್ಯ, ಅದೂ ಮೊದಲು ಕೆಲವು ಟನ್ ಬೂದಿಯ ಮೇಲೆ, ಅಮೋನಿಯಾ ಹಿಡಿಯುವ ವ್ಯವಸ್ಥೆಯೊಂದಿಗೆ, ವಾರವಾರದ ಫಲಿತಾಂಶವನ್ನು ಊರಿನವರ ಮುಂದಿಟ್ಟು. ಅಲ್ಲಿಯವರೆಗೆ ಮಿತಿ ಮೀರಿದ ಹಾರುಬೂದಿ ಅಪಾಯಕಾರಿ ತ್ಯಾಜ್ಯಕ್ಕೆಂದೇ ಕಟ್ಟಿದ ಭೂಭರ್ತಿಗೆ ಹೋಗಬೇಕು. ಬ್ಯಾಕ್ಟೀರಿಯಾ ಬರುತ್ತದೆ ಎಂಬ ಆಸೆ ತೋರಿಸಿ ಇವತ್ತಿನ ಬೂದಿಯನ್ನು ಕಲ್ಲುಕ್ವಾರಿಯ ಹೊಂಡಕ್ಕೆ ಸುರಿಯಲು ಯಾರಿಗೂ ಬಿಡಬೇಡಿ.

ಮನೆಯಲ್ಲಿ ನಾವು ಮಾಡಬಹುದಾದ್ದು?

ಸೆಲ್ಲು, ಟ್ಯೂಬ್‌ಲೈಟ್, ಹಳೇ ಚಾರ್ಜರ್, ಮುರಿದ ಥರ್ಮಾಮೀಟರ್ ಬೇರೆ ಡಬ್ಬಿಯಲ್ಲಿಡಿ, ಇ-ತ್ಯಾಜ್ಯದವರಿಗೆ ಕೊಡಿ. ಕುಲುಮೆಗೆ ಹೋಗದ ಕ್ಯಾಡ್ಮಿಯಂ ಅನ್ನು ಯಾರೂ ಬೂದಿಯಿಂದ ಕೀಳಬೇಕಿಲ್ಲ. ಹಸಿ ಕಸ ಬೇರೆ ಮಾಡಿದರೆ ಉಪ್ಪೂ ನೀರೂ ಕಡಿಮೆಯಾಗಿ ಬೂದಿಯೂ ಸುಧಾರಿಸುತ್ತದೆ.

ಬೂದಿ ಲಾರಿಯಿಂದ ನಮ್ಮ ಮನೆ ಮುಂದೆ ಬೂದಿ ಚೆಲ್ಲಿದೆ. ಈಗಲೇ ಏನು ಮಾಡಲಿ?

ಪೊರಕೆ ಹಿಡಿಯಬೇಡಿ, ಒಣ ಬೂದಿ ಗುಡಿಸಿದರೆ ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಪೈಪು ಹಿಡಿದು ಚರಂಡಿಗೂ ತೊಳೆಯಬೇಡಿ. ಟಾರ್ಪಾಲು ಇದ್ದರೆ ಹೊದಿಸಿ ಮೇಲೆ ಕಲ್ಲಿಡಿ. ಇಲ್ಲದಿದ್ದರೆ ಧೂಳೇಳದಷ್ಟು ನೀರು ಚಿಮುಕಿಸಿ ಸಾಕು. ಬರಿಗೈ, ಬರಿಗಾಲು ಬೇಡ, ಸುಣ್ಣದಂತೆ ಸುಡುತ್ತದೆ. ಮಕ್ಕಳು, ಕೋಳಿ, ನಾಯಿ ಹತ್ತಿರ ಹೋಗದಂತೆ ನೋಡಿಕೊಳ್ಳಿ. ಲಾರಿಯ ನಂಬರು, ಗಂಟೆ, ಜಾಗ ಕಾಣುವಂತೆ ಫೋಟೊ ತೆಗೆದು ಪಂಚಾಯಿತಿಗೂ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೂ ಬರವಣಿಗೆಯಲ್ಲಿ ದೂರು ಕೊಡಿ, ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ತುಳಿದ ಚಪ್ಪಲಿಯನ್ನು ಹೊರಗೇ ಬಿಟ್ಟು ಒಳಗೆ ಬನ್ನಿ.